ಎಡಕ್ಕೆ ಹೊರಳದ ಕಣ್ಣು

ಮಾತು ಬಿಟ್ಟ ಇಬ್ಬರ ನಡುವೆ ಸಿಕ್ಕಿಕೊಂಡವರ ಪಾಡು ನಿಮಗೂ ಗೊತ್ತಿರಬೇಕು. ಇವರ ಮನೆಗೆ ಹೋದರೆ ಅವರ ಮೇಲೆ ದೂರು, ಅವರ ಮನೆಗೆ ಹೋದರೆ ಇವರ ಮೇಲೆ ದೂರು. ಎರಡು ಮನೆಯಲ್ಲೂ ಕಾಫಿ ಸಿಗುತ್ತದೆ, ಒಂದರಲ್ಲೂ ನೆಮ್ಮದಿ ಸಿಗುವುದಿಲ್ಲ. ಮಲ್ಲೇಶ್ವರದ ನಮ್ಮ ಕ್ರಾಸಿನಲ್ಲಿ ಈ ಸಲದ ಆಷಾಢದಲ್ಲಿ ನನಗಾದದ್ದು ಅದೇ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಭಜನೆ ಮಂದಿರವಿದೆ. ಶನಿವಾರ ಸಂಜೆ ಅಲ್ಲಿ ಕಾವ್ಯವಾಚನ ನಡೆಯುತ್ತದೆ. ರಂಗನಾಯಕಮ್ಮ ಪದ್ಯ ಓದುತ್ತಾರೆ, ಆಂಡಾಳಮ್ಮ ಅರ್ಥ ಹೇಳುತ್ತಾರೆ. ಇಬ್ಬರೂ ಅರವತ್ತು ದಾಟಿದವರು, ಒಂದೇ ಶಾಲೆಯಲ್ಲಿ ಟೀಚರಾಗಿದ್ದವರು, ಎದುರುಬದುರು ಮನೆಯವರು. ನನಗೆ ಓದುವ ಕಂಠವಿಲ್ಲ, ಅರ್ಥ ಹೇಳುವ ಬಾಯಿಯೂ ಇಲ್ಲ. ಕೇಳುವ ಕಿವಿ ಇದೆ. ಕಂಬಕ್ಕೆ ಒರಗಿ ಕೂತು ಕೇಳುತ್ತೇನೆ, ಎದ್ದು ಮನೆಗೆ ಹೋಗುತ್ತೇನೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಓದುವವರಿಗೂ ಅರ್ಥ ಹೇಳುವವರಿಗೂ ನಡುವೆ ಒಂದು ಪದ್ಧತಿ ಇದೆ. ಪದ್ಯ ಮುಗಿಯುತ್ತಲೇ ಓದುವವರು ಪಕ್ಕಕ್ಕೆ ಕಣ್ಣು ಹೊರಳಿಸುತ್ತಾರೆ. ‘ನಾನು ನಿಲ್ಲಿಸಿದೆ, ಇನ್ನು ನಿಮ್ಮದು’ ಎಂದು ಅದರ ಅರ್ಥ. ಬಾಯಿ ಬಿಟ್ಟು ಹೇಳಿದರೆ ರಾಗದ ಎಳೆ ತುಂಡಾಗುತ್ತದೆ. ಆಂಡಾಳಮ್ಮ ಕೂರುವುದು ರಂಗನಾಯಕಮ್ಮನ ಎಡಕ್ಕೆ. ಇಷ್ಟು ವರ್ಷದಲ್ಲಿ ಆ ನೋಟ ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಆಷಾಢದ ಮೊದಲ ಶನಿವಾರ ಅದು ತಪ್ಪಿತು. ಪದ್ಯ ಮುಗಿಯಿತು, ರಂಗನಾಯಕಮ್ಮ ಕಣ್ಣು ಮುಚ್ಚಿಕೊಂಡು ಕೂತರು. ಆಂಡಾಳಮ್ಮ ಕಾದರು. ನಾವೂ ಕಾದೆವು. ಯಾರೋ ಕೆಮ್ಮಿದರು. ಆಂಡಾಳಮ್ಮ ಕೊನೆಗೆ ಗಂಟಲು ಸರಿಮಾಡಿಕೊಂಡು ಅರ್ಥಕ್ಕೆ ತೊಡಗುವ ಹೊತ್ತಿಗೆ ಇವರು ಮುಂದಿನ ಪದ್ಯ ಎತ್ತಿಬಿಟ್ಟರು. ಒಂದು ಸಲವಲ್ಲ, ಅವತ್ತೆಲ್ಲಾ ಹಾಗೆಯೇ. ಮರುವಾರವೂ ಹಾಗೆಯೇ. ಜೊತೆಗೆ ಓದಿದ ಸಾಲನ್ನೇ ಮತ್ತೆ ಓದಿದರು, ನಡುವೆ ಒಂದು ಸಾಲು ಬಿಟ್ಟರು.

ಆಂಡಾಳಮ್ಮ ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಕಿವಿ ತಿಂದರು.

“ನೋಡಿದ್ರಾ ಮಹಾನಂದಾ? ನನ್ನ ಕಡೆ ತಿರುಗಿ ನೋಡೋಕೂ ಅವಳಿಗೆ ಆಗಲ್ವಂತೆ. ಎಷ್ಟು ಧಿಮಾಕು!”

“ಯಾಕೋ ಆಯಾಸ ಇರ್ಬೋದು.”

“ಆಯಾಸವಂತೆ! ನಿನ್ನೆ ಮಾರ್ಕೆಟ್ ಹತ್ರ ಎದುರಿಗೆ ಬಂದ್ಲು. ‘ಏನೇ ರಂಗಾ’ ಅಂದೆ. ಮುಖ ಒಂದು ಕಡೆಗೆ ತಿರುಗಿಸ್ಕೊಂಡು, ಕಣ್ಣು ಕಿರಿದು ಮಾಡ್ಕೊಂಡು ಹೊರಟೇಹೋದ್ಲು. ನಾನೇನು ಅವಳ ಮನೆ ಕಸ ಗುಡಿಸೋಳಾ? ಅಲ್ಲ, ಅವಳ ಮನೆ ಗುಡಿಸೋ ತಿಮ್ಮಕ್ಕನ ಜೊತೆ ಗೇಟಲ್ಲಿ ನಿಂತು ಅರ್ಧ ಗಂಟೆ ಮಾತಾಡ್ತಾಳೆ!”

ಹೋದ ಮಾಘದಲ್ಲಿ ಅರಿಶಿನ-ಕುಂಕುಮಕ್ಕೆ ಕರೆಯುವುದು ತಡವಾಗಿದ್ದಕ್ಕೆ ಈ ಸೇಡು ಎಂದು ಅವರೇ ತೀರ್ಮಾನಿಸಿದರು. ಮತ್ತಿಕೆರೆಯಲ್ಲಿ ಅಕ್ಷಯಾ ಎಂಬ ಹುಡುಗಿ ಸಂಗೀತ ಕಲಿಯುತ್ತಿದ್ದಾಳೆ, ಸ್ಪಷ್ಟವಾಗಿ ಓದುತ್ತಾಳೆ, ಬರುವ ಶನಿವಾರದಿಂದ ಅವಳೇ ಓದಲಿ ಎಂದರು. “ಇಲ್ಲ ರಂಗ ಇರ್ಬೇಕು, ಇಲ್ಲ ನಾನಿರ್ಬೇಕು. ಹೋಗಿ ಹೇಳ್ಬಿಡಿ.”

ಹೋಗಿ ಹೇಳುವ ಕೆಲಸ ನನ್ನದು! ಸಂಧಾನಕ್ಕೆ ಹೋದವರ ಗತಿ ಏನಾಗುತ್ತದೆಂದು ಎಷ್ಟು ಪದ್ಯಗಳಲ್ಲಿ ಕೇಳಿದ್ದೇನೋ. ಆದರೂ ದಿನ ತಳ್ಳಿ ತಳ್ಳಿ ಶುಕ್ರವಾರ ಬೆಳಿಗ್ಗೆ ಹೊರಟೆ.

ರಂಗನಾಯಕಮ್ಮನ ಮನೆ ಮೊದಲ ಮಹಡಿಯಲ್ಲಿದೆ. ಬಾಗಿಲು ತೆಗೆದವರು ಅವರ ಯಜಮಾನರು, ಶೀನಣ್ಣ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲೋಕದ ಯಾವ ಕಾಯಿಲೆಗೂ ಅವರ ಬಳಿ ಒಂದು ಸಿದ್ಧಾಂತವಿದೆ. ಶುಗರ್ ಇರುವವರು ಸಕ್ಕರೆ ತಿನ್ನಬಾರದು, ಬೆಲ್ಲ ತಿನ್ನಬಹುದು ಎಂಬುದು ಒಂದು. ಪ್ರಸಾದಕ್ಕೆ ಶುಗರ್ ಲೆಕ್ಕವಿಲ್ಲ ಎಂಬುದು ಇನ್ನೊಂದು. ರಂಗನಾಯಕಮ್ಮನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಆ ಮನೆಯಲ್ಲಿ ಅದರ ಉಸ್ತುವಾರಿ ಶೀನಣ್ಣನದು.

ರಂಗನಾಯಕಮ್ಮ ಅಡುಗೆಮನೆಯಿಂದ ಕಾಫಿ ತಂದರು. ಮುಖ ಎಡಕ್ಕೆ ವಾಲಿಸಿಕೊಂಡು, ಗೋಡೆ ಹಿಡಿದುಕೊಂಡು ಬಂದರು. ಲೋಟಕ್ಕೆ ಸುರಿದ ಕಾಫಿ ಅರ್ಧ ಲೋಟದೊಳಕ್ಕೆ, ಅರ್ಧ ತಟ್ಟೆಗೆ.

“ಅಯ್ಯೋ,” ಎಂದೆ.

“ಅದು ಕನ್ನಡಕದ ತಪ್ಪು,” ಶೀನಣ್ಣ ಶುರು ಮಾಡಿದರು. “ಅಂಗಡಿಯೋನು ನಂಬರ್ ತಪ್ಪು ಹಾಕಿದಾನೆ. ಮೂರು ಸಲ ಗ್ಲಾಸ್ ಬದಲಾಯಿಸ್ದೆ. ನಾಳೆ ಮತ್ತೆ ಹೋಗ್ತೀನಿ. ಬಿಡೋ ಮಾತೇ ಇಲ್ಲ. ಗ್ರಾಹಕರ ವೇದಿಕೆಗೆ ಬರೀತೀನಿ ಅಂತ ಹೇಳಿ ಬಂದಿದೀನಿ.”

“ಯಾಕೆ, ಏನು ಕಾಣ್ಸತ್ತೆ?”

“ಏನೂ ಇಲ್ಲ,” ಎಂದು ರಂಗನಾಯಕಮ್ಮ ಬೇಗ ಹೇಳಿದರು. “ರೀ, ಕರಿಬೇವು ತರ್ಲಿಲ್ಲ ನೀವು. ಹೋಗಿ ಬನ್ನಿ.”

ಶೀನಣ್ಣ ಚೀಲ ಹಿಡಿದು ಇಳಿದರು. ಅವರ ಚಪ್ಪಲಿ ಸದ್ದು ಕೆಳಗೆ ಮುಟ್ಟುವವರೆಗೆ ರಂಗನಾಯಕಮ್ಮ ಕಿವಿಗೊಟ್ಟು ನಿಂತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಮಹಾನಂದಾ, ಯಾರಿಗೂ ಹೇಳ್ಬೇಡಿ. ನಂಗೆ ಎಲ್ಲಾ ಎರಡೆರಡು ಕಾಣ್ತಿದೆ.”

“ಎರಡಾ?”

“ದೂರದ್ದು ಎರಡೆರಡು. ಎಡಗಡೆ ನೋಡಿದ್ರಂತೂ ಕೇಳ್ಲೇಬೇಡಿ. ಹದಿನೈದು ದಿನ ಆಯ್ತೇನೋ. ಮೊದ್ಲು ಹುಬ್ಬಿನ ಮೇಲೆ ನೋವು ಬಂತು. ಶೀತ ಅಂತ ಮುಲಾಮು ಹಚ್ಕೊಂಡು ಮಲಗಿದೆ. ಬೆಳಿಗ್ಗೆ ಎದ್ರೆ ದೇವರ ಮುಂದೆ ಎರಡು ದೀಪ. ಹಚ್ಚಿದ್ದು ಒಂದೇ.”

“ಅದಕ್ಕೇನಾ ವಾಚನದಲ್ಲಿ ಆಂಡಾಳಮ್ಮನ ಕಡೆ ನೋಡ್ತಿಲ್ಲ?”

“ಹೆಂಗೆ ನೋಡ್ಲಿ ರೀ? ಆ ಕಡೆ ಕಣ್ಣು ಹಾಕಿದ್ರೆ ಇಬ್ಬರು ಆಂಡಾಳು ಕೂತಿರ್ತಾರೆ. ಒಬ್ಬಳನ್ನೇ ಸಂಭಾಳಿಸೋದು ಕಷ್ಟ, ಇಬ್ಬರಲ್ಲಿ ಯಾರಿಗೆ ಅಂತ ಅರ್ಥ ಒಪ್ಪಿಸ್ಲಿ? ತಲೆ ಸುತ್ತತ್ತೆ. ಅದಕ್ಕೆ ಕಣ್ಣು ಮುಚ್ಕೋತೀನಿ.”

ನಗು ಬಂತು, ಮರುಕ್ಷಣ ಸಿಟ್ಟೂ ಬಂತು.

“ಅವರಿಗೆ ಹೇಳಬಾರದಾ? ಅಲ್ಲಿ ಅವರು ಕುದೀತಾ ಕೂತಿದಾರೆ.”

“ಹೇಳಿದ್ರೆ ಏನಾಗತ್ತೆ? ‘ಪಾಪ, ರಂಗನ ಕಣ್ಣು ಹೋಯ್ತು, ಇನ್ನು ಬೇರೆಯವರು ಓದ್ಲಿ’ ಅಂತಾರೆ. ಓದು ಒಂದು ಬಿಟ್ರೆ ನಂಗೆ ಇನ್ನೇನಿದೆ ಹೇಳಿ? ಧಿಮಾಕು ಅಂತ ಬೈಯ್ಲಿ ಬೇಕಾದ್ರೆ. ಕುರುಡಿ ಅಂತ ಮರುಗೋದು ಬೇಡ.”

“ಡಾಕ್ಟರ್ ಹತ್ರ ಹೋಗೋದಕ್ಕೇನು?”

“ಹೋದ್ರೆ ಮೊದ್ಲು ಶುಗರ್ ಕೇಳ್ತಾರೆ.”

ನೋಡಿ, ಅಲ್ಲಿಗೆ ಬಂತು! ಕಾಯಿಲೆಗಿಂತ ಬೈಗುಳಕ್ಕೆ ಹೆದರುವವರು ನಾವು. ಪರೀಕ್ಷೆಗೆ ಓದದ ಮಕ್ಕಳು ಶಾಲೆ ತಪ್ಪಿಸಿದಂತೆ, ಶುಗರ್ ನೋಡಿಕೊಳ್ಳದವರು ಡಾಕ್ಟರನ್ನು ತಪ್ಪಿಸುತ್ತಾರೆ. ಅದೂ ಜೀವನವಿಡೀ ಮಕ್ಕಳಿಗೆ ಪರೀಕ್ಷೆ ಕೊಟ್ಟ ಟೀಚರು.

“ಮಾತ್ರೆ ಸಿಕ್ಕಿದೆ ಬಿಡಿ,” ಎಂದು ಅವರೇ ಸಮಾಧಾನ ಹೇಳಿದರು. ಕಪಾಟಿನಿಂದ ಒಂದು ಅರ್ಧ ಖಾಲಿಯಾದ ಮಾತ್ರೆ ಹಾಳೆ ತೆಗೆದು ನನ್ನ ಕೈಗಿಟ್ಟರು. “ಇವರ ಷಡ್ಡಕನಿಗೆ ಹೋದ ವರ್ಷ ಬಾಯಿ ಸೊಟ್ಟ ಆಗಿತ್ತಲ್ಲ, ಆಗ ಡಾಕ್ಟ್ರು ಕೊಟ್ಟಿದ್ದು ಉಳಿದಿತ್ತಂತೆ. ಅದೂ ನರ, ಇದೂ ನರ ಅಂತ ಇವರು ಇಸ್ಕೊಂಡು ಬಂದಿದಾರೆ. ಇವತ್ತಿಂದ ಶುರು ಮಾಡು ಅಂದಿದಾರೆ.”

ಕನ್ನಡಕದ ತಪ್ಪಾದರೆ ನರದ ಮಾತ್ರೆ ಯಾಕೆ, ನರದ ತೊಂದರೆಯಾದರೆ ಕನ್ನಡಕದ ಅಂಗಡಿಯವನ ಜೊತೆ ಜಗಳ ಯಾಕೆ ಎಂದು ಕೇಳಬೇಕೆನಿಸಿತು. ಕೇಳುವಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಶೀನಣ್ಣನದಲ್ಲ.

ಆಂಡಾಳಮ್ಮ! ನನ್ನನ್ನು ಕಳಿಸಿದವರು ನಾನು ಮರಳುವವರೆಗೂ ಕಾಯಲಾರದೆ ತಾವೇ ಬಂದಿದ್ದರು.

“ಏನೇ ರಂಗಾ, ಇವತ್ತು ಇತ್ಯರ್ಥ ಆಗ್ಲಿ. ನನ್ನ ಮುಖ ನೋಡೋಕೂ ಬೇಡದಷ್ಟು ನಾನೇನೇ ಮಾಡ್ದೆ ನಿಂಗೆ?”

ರಂಗನಾಯಕಮ್ಮ ತಲೆಯನ್ನೇ ಪೂರ್ತಿ ತಿರುಗಿಸಿ, ಎಡಗಣ್ಣಿನ ಮೇಲೆ ಅಂಗೈ ಇಟ್ಟು, ಬಾಗಿಲಿನತ್ತ ನೋಡಿದರು.

“ಈಗ ಒಬ್ಬಳೇ ಕಾಣ್ತಿದೀಯ. ಕೈ ತೆಗೆದ್ರೆ ಇಬ್ಬರು. ಯಾವ ಮುಖ ನೋಡ್ಲಿ ಹೇಳು.”

ಆಂಡಾಳಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ನಾನು ಎಲ್ಲಾ ಹೇಳಿದೆ. ‘ಯಾರಿಗೂ ಹೇಳ್ಬೇಡಿ’ ಎಂದಿದ್ದನ್ನು ಎರಡು ನಿಮಿಷವೂ ಕಾಪಾಡಲಿಲ್ಲ. ಅಂಥ ಗುಟ್ಟು ಕಾಪಾಡುವುದೇ ತಪ್ಪು. ಆಂಡಾಳಮ್ಮ ಹತ್ತಿರ ಬಂದು ಗೆಳತಿಯ ಗಲ್ಲ ಹಿಡಿದೆತ್ತಿ ನೋಡಿದರು. ಎಡಗಣ್ಣು ಮೂಗಿನ ಕಡೆಗೆ ಸ್ವಲ್ಪ ವಾಲಿತ್ತು. ನಾವಿಬ್ಬರೂ ಇಷ್ಟು ದಿನ ಅದನ್ನು ಕಂಡೇ ಇರಲಿಲ್ಲ. ಮುಖ ತಿರುಗಿಸಿದ್ದು ಕಂಡಿತ್ತು, ಕಣ್ಣು ಕಂಡಿರಲಿಲ್ಲ.

“ಹದಿನೈದು ದಿನ!” ಆಂಡಾಳಮ್ಮನ ದನಿ ಏರಿತು. “ಹದಿನೈದು ದಿನದಿಂದ ನಾನು ನಿನ್ನ ಬೈಕೊಂಡು ಓಡಾಡ್ತಿದೀನಿ ಕಣೇ! ಬೀದಿಯವರ ಹತ್ರ ಎಲ್ಲಾ ಬೈದಿದೀನಿ! ಮೊದ್ಲೇ ಹೇಳಿದ್ರೆ ನಂಗೆ ಆ ಪಾಪ ತಪ್ತಿತ್ತಲ್ಲ. ಏಳು. ಸೀರೆ ಬದಲಾಯಿಸೋದೇನೂ ಬೇಡ. ಏಳು ಅಂದೆ.”

“ಈಗೆಲ್ಲಿಗೆ? ರಾಹುಕಾಲ.”

“ರಾಹುಕಾಲ ನಿಂಗೆ ಹದಿನೈದು ದಿನದಿಂದ ನಡೀತಿದೆ. ಏಳೇ!”

ಮೆಟ್ಟಿಲಿಳಿಯುವಾಗ ರಂಗನಾಯಕಮ್ಮ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟರು. ಆಂಡಾಳಮ್ಮ ತೋಳು ಹಿಡಿದಿದ್ದರಿಂದ ಬೀಳಲಿಲ್ಲ. ಕರಿಬೇವು ಹಿಡಿದು ಬರುತ್ತಿದ್ದ ಶೀನಣ್ಣನನ್ನೂ ದಾರಿಯಲ್ಲಿ ಹಿಡಿದುಕೊಂಡೆವು. ಆ ಮಾತ್ರೆ ಹಾಳೆ ನನ್ನ ಕೈಯಲ್ಲೇ ಇತ್ತು.

ನಮ್ಮ ವಾರ್ಡಿನ ಸರ್ಕಾರಿ ಆರೋಗ್ಯ ಕೇಂದ್ರದ ಡಾಕ್ಟರು ಭಾಗ್ಯ. ಚಿಕ್ಕ ವಯಸ್ಸಿನವರು. ಬೆಳಗಿನಿಂದ ಜ್ವರ, ಕೆಮ್ಮು, ಚುಚ್ಚುಮದ್ದು ಎಲ್ಲಾ ನೋಡಿ ಸಾಕಾಗಿದ್ದರು. ಶೀನಣ್ಣ ಕೂರುವ ಮೊದಲೇ ಕನ್ನಡಕದ ಕಥೆ ತೆಗೆದರು.

“ಒಂದ್ನಿಮಿಷ ಸರ್. ಅಮ್ಮ, ಎಡಗಣ್ಣು ಮುಚ್ಚಿ. ನನ್ನ ಬೆರಳು ಎಷ್ಟು?”

“ಒಂದು.”

“ಈಗ ಬಲಗಣ್ಣು ಮುಚ್ಚಿ. ಎಷ್ಟು?”

“ಒಂದು.”

“ಎರಡೂ ತೆಗೀರಿ.”

“ಎರಡು.”

ಡಾಕ್ಟರು ಶೀನಣ್ಣನ ಕಡೆ ತಿರುಗಿದರು. “ಕೇಳಿದ್ರಾ ಸರ್? ಯಾವ ಕಣ್ಣು ಮುಚ್ಚಿದ್ರೂ ಒಂದೇ ಕಾಣತ್ತೆ, ಎರಡೂ ತೆರೆದಾಗ ಮಾತ್ರ ಎರಡು. ಹಿಂಗಿದ್ರೆ ಎರಡು ಕಣ್ಣು ಜೋಡಿಯಾಗಿ ತಿರುಗ್ತಿಲ್ಲ ಅಂತ ಅರ್ಥ. ಒಂದು ಕಣ್ಣು ಮುಚ್ಚಿದ ಮೇಲೂ ಇನ್ನೊಂದರಲ್ಲಿ ಎರಡು ಕಂಡಿದ್ರೆ ಕನ್ನಡಕನೋ ಪೊರೆನೋ ಅಂತ ಯೋಚಿಸ್ಬೋದಿತ್ತು. ಆ ಅಂಗಡಿಯವರನ್ನ ಪಾಪ ಬಿಟ್ಬಿಡಿ.”

ಆಮೇಲೆ ತಲೆ ಅಲ್ಲಾಡಿಸದೆ ಬೆರಳನ್ನೇ ನೋಡಿ ಎಂದರು. ಬೆರಳು ಬಲಕ್ಕೆ ಹೋಯಿತು, ಎರಡು ಕಣ್ಣೂ ಹೋದವು. ಬೆರಳು ಎಡಕ್ಕೆ ಹೋಯಿತು. ಬಲಗಣ್ಣು ಹೋಯಿತು, ಎಡಗಣ್ಣು ನಡುವಿಗೆ ಬಂದು ನಿಂತುಬಿಟ್ಟಿತು. ಆಂಡಾಳಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

ಡಾಕ್ಟರು ಟಾರ್ಚ್ ತೆಗೆದು ಎರಡು ಕಣ್ಣಿಗೂ ಬೆಳಕು ಬಿಟ್ಟು, ಮತ್ತೆ ಮತ್ತೆ ನೋಡಿದರು. ರೆಪ್ಪೆ ಎತ್ತಲು, ಇಳಿಸಲು ಹೇಳಿದರು. ನಗಿಸಿದರು. ಎರಡು ಕೈ ಮುಂದೆ ಚಾಚಿಸಿದರು. ನಡೆಸಿದರು. ಬಿಪಿ ನೋಡಿದರು, ಅದೂ ಜಾಸ್ತಿಯೇ ಇತ್ತು. ನಡುನಡುವೆ ಕೇಳುತ್ತಲೇ ಇದ್ದರು. ತಲೆ ಸಿಡಿದುಹೋಗೋ ಥರ ನೋವು ಬಂತಾ? ವಾಂತಿ ಆಯ್ತಾ? ಜ್ವರ? ಕೆನ್ನೆ, ಕಣ್ಣಿನ ಸುತ್ತ ಊತ? ಮೂಗಿಂದ ಕಪ್ಪಗೆ ಏನಾದ್ರೂ ಬಂತಾ? ಅಗಿಯುವಾಗ ದವಡೆ ನೋವು? ತಲೆ ಬಾಚುವಾಗ ಬುರುಡೆ ನೋವು? ಸಂಜೆಗೆ ಜಾಸ್ತಿ, ಬೆಳಿಗ್ಗೆಗೆ ಕಮ್ಮಿ ಅಂತ ಇದೆಯಾ?

ಎಲ್ಲಕ್ಕೂ ಇಲ್ಲ.

“ಇಷ್ಟೆಲ್ಲಾ ಯಾಕೆ ಕೇಳ್ತೀರಿ ಡಾಕ್ಟ್ರಮ್ಮ? ಹೆದರಿಕೆ ಆಗತ್ತೆ,” ರಂಗನಾಯಕಮ್ಮ ಹೇಳಿದರು.

“ಹೆದರಿಕೆ ನಂಗೂ ಆಗತ್ತೆ, ಅದಕ್ಕೇ ಕೇಳ್ತೀನಿ. ಕಣ್ಣಿನ ಮಧ್ಯದ ಕಪ್ಪು ಚುಕ್ಕೆ ಇದೆಯಲ್ಲ, ಪಾಪೆ, ಅದು ನಿಮಗೆ ಎರಡು ಕಣ್ಣಲ್ಲೂ ಒಂದೇ ಸಮ ಇದೆ. ಬೆಳಕಿಗೆ ಕಿರಿದಾಗತ್ತೆ. ಒಂದು ವೇಳೆ ರೆಪ್ಪೆ ಜೋತುಬಿದ್ದು, ಆ ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕಿಗೆ ಅಲ್ಲಾಡದೆ ಇದ್ದಿದ್ರೆ, ನಾನು ಹಿಂಗೆ ಕೂತು ಮಾತಾಡ್ತಾ ಇರ್ತಿರ್ಲಿಲ್ಲ. ಆಗ್ಲೇ ಆಂಬುಲೆನ್ಸಲ್ಲಿ ಕೂರಿಸಿ ದೊಡ್ಡ ಆಸ್ಪತ್ರೆಗೆ ಕಳಿಸ್ತಿದ್ದೆ. ತಲೆಯೊಳಗಿನ ರಕ್ತನಾಳ ಉಬ್ಬಿ ನರ ಒತ್ತಿದ್ರೆ ಹಂಗಾಗತ್ತೆ. ಅದು ಒಡೆದ್ರೆ ಪ್ರಾಣಕ್ಕೇ ಅಪಾಯ.”

ಬೆರಳ ತುದಿಗೆ ಸೂಜಿ ಚುಚ್ಚಿ ಶುಗರ್ ನೋಡಿದರು. ಮುನ್ನೂರರ ಮೇಲಿತ್ತು. ಡಾಕ್ಟರು ಆ ಪುಟ್ಟ ಯಂತ್ರವನ್ನು ಶೀನಣ್ಣನ ಕಡೆ ಹಿಡಿದರು. ಶೀನಣ್ಣ ಛಾವಣಿಯ ಫ್ಯಾನು ನೋಡಿದರು.

“ಮಾತ್ರೆ ತಗೋತೀರಾ ಅಮ್ಮ?”

“ತಗೋತೀನಿ. ಏಕಾದಶಿ ದಿನ ಬಿಟ್ಟು.”

“ದ್ವಾದಶಿ ದಿನ?”

“ಪಾರಣೆ ಮುಗಿಸಿ ತಗೊಳ್ಳೋಷ್ಟರಲ್ಲಿ ಮರೆತುಹೋಗತ್ತೆ.”

“ಪಾರಣೆಗೆ ಏನಿರತ್ತೆ?”

“ಸಕ್ಕರೆ ಪೊಂಗಲ್,” ಎಂದು ಆಂಡಾಳಮ್ಮ ಸಾಕ್ಷಿ ಹೇಳಿದರು. “ನಮ್ಮನೆಗೂ ಕಳಿಸ್ತಾಳೆ. ತುಪ್ಪ ಸುರೀತಿರತ್ತೆ.”

“ಅದು ಪ್ರಸಾದ ಡಾಕ್ಟ್ರೇ,” ಶೀನಣ್ಣ ಎದ್ದು ನಿಂತರು. “ಬೆಲ್ಲದ್ದು. ಸಕ್ಕರೆ ಅಂತ ಹೆಸರಷ್ಟೇ.”

ಡಾಕ್ಟರು ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು. “ಸರ್, ಹೊಟ್ಟೆಯೊಳಗೆ ಹೋದ್ಮೇಲೆ ಬೆಲ್ಲನೂ ಸಕ್ಕರೆನೇ. ದೇವರಿಗೆ ನೈವೇದ್ಯ ಮಾಡಿ, ಬೇಡ ಅನ್ನಲ್ಲ. ಇವರ ಕೈಗೆ ಒಂದು ಕಾಳು ಹಾಕಿ, ಕಣ್ಣಿಗೊತ್ಕೊಂಡು ಬಾಯಿಗೆ ಹಾಕೊಳ್ಳಲಿ, ಮುಗೀತು. ಬಟ್ಟಲು ತುಂಬ ಹಾಕೊಂಡು ತಿಂದ್ರೆ ಅದು ಊಟ. ಉಪವಾಸ ಮಾಡೋದಿದ್ರೆ ಮೊದ್ಲು ಬಂದು ನನ್ನ ಕೇಳಿ. ನೀವೇ ಮಾತ್ರೆ ನಿಲ್ಲಿಸೋದೂ ಅಲ್ಲ, ಖಾಲಿ ಹೊಟ್ಟೆಲಿ ನೀವೇ ನುಂಗೋದೂ ಅಲ್ಲ. ಶುಗರ್ ಏರಿದ್ರೂ ಕಷ್ಟ, ಪಟ್ಟನೆ ಬಿದ್ರೂ ಕಷ್ಟ.”

ಆಗ ನಾನು ಮಾತ್ರೆ ಹಾಳೆಯನ್ನು ಮೇಜಿನ ಮೇಲಿಟ್ಟೆ. ಯಾರದು, ಎಲ್ಲಿಂದ ಬಂತು ಎಂದು ಹೇಳಿದೆ. ಡಾಕ್ಟರು ಹೆಸರು ಓದಿ ಹಣೆ ಹಿಡಿದುಕೊಂಡರು.

“ಒಂದಾದ್ರೂ ತಗೊಂಡ್ರಾ?”

“ಇಲ್ಲ. ಇವತ್ತು ಶುರು ಮಾಡ್ಬೇಕಿತ್ತು.”

“ಪುಣ್ಯ. ಇದು ಸ್ಟೀರಾಯ್ಡ್. ನಿಮ್ಮವರಿಗೆ ಮುಖದ ನರಕ್ಕೆ ಕೊಟ್ಟಿದ್ದು ಸರಿ ಇರ್ಬೋದು, ಅವರ ಡಾಕ್ಟ್ರು ನೋಡಿ ಕೊಟ್ಟಿದಾರೆ. ಮುನ್ನೂರು ಶುಗರ್ ಇರೋ ಇವರು ಇದನ್ನ ನುಂಗಿದ್ರೆ ಶುಗರ್ ಎಲ್ಲಿಗೆ ಹೋಗ್ತಿತ್ತು ಗೊತ್ತಾ? ಎಲ್ಲಾರೂ ಹಿಂಗೇ. ಮೊದ್ಲು ಕನ್ನಡಕ, ಆಮೇಲೆ ಯಾರೋ ಹೇಳಿದ ಡ್ರಾಪ್ಸ್, ಆಮೇಲೆ ನೆಂಟರ ಮಾತ್ರೆ, ಆಮೇಲೆ ದೃಷ್ಟಿ ತೆಗೆಸೋದು. ಎಲ್ಲಾ ಮುಗಿದ್ಮೇಲೆ ನಮ್ಮ ಹತ್ರ ಬರೋದು. ನಾವಿಲ್ಲಿ ಬೀದಿ ಕೊನೇಲೇ ಕೂತಿದೀವಲ್ಲ, ಮೊದ್ಲೇ ಬಂದ್ರೆ ಏನಾಗತ್ತೆ?”

ಡಾಕ್ಟರ ಸಿಟ್ಟು ಇಳಿಯಿತು. ರಂಗನಾಯಕಮ್ಮನ ಕೈ ಹಿಡಿದುಕೊಂಡರು.

“ಅಮ್ಮ, ಕಣ್ಣುಗುಡ್ಡೆ ತಿರುಗ್ಸೋಕೆ ಸಣ್ಣ ಸಣ್ಣ ಸ್ನಾಯು ಇರತ್ತೆ. ನರ ಹೇಳಿದಂಗೆ ಅವು ಎಳೀತವೆ. ಆ ನರಕ್ಕೆ ರಕ್ತ ತರೋ ನಾಳ ಬಹಳ ಸಣ್ಣದು. ವರ್ಷಗಟ್ಟಲೆ ಶುಗರ್, ಬಿಪಿ ಏರಿಸ್ಕೊಂಡೇ ಇದ್ರೆ ಅದು ಕಟ್ಕೊಳ್ಳತ್ತೆ. ನರ ಸೊರಗತ್ತೆ. ನಿಮ್ಮ ಎಡಗಣ್ಣನ್ನ ಹೊರಗಡೆಗೆ ಎಳೆಯೋ ನರಕ್ಕೆ ಹಂಗೇ ಆಗಿದೆ ಅನ್ಸತ್ತೆ. ಕಾಲಿಗೆ ಜೋಮು ಬರಲ್ವಾ ಶುಗರ್‌ನಿಂದ? ಹಂಗೇ ಕಣ್ಣಿನ ನರಕ್ಕೂ ಬರತ್ತೆ. ಕೆಲವರಿಗೆ ರೆಪ್ಪೆ ಜೋತುಬೀಳತ್ತೆ, ಕೆಲವರಿಗೆ ನಿಮ್ಮ ಥರ ಎರಡೆರಡು ಕಾಣತ್ತೆ.”

“ಕಣ್ಣು ಹೋಗತ್ತಾ?” ರಂಗನಾಯಕಮ್ಮ ಬಹಳ ಮೆಲ್ಲಗೆ ಕೇಳಿದರು. “ಓದೋಕಾಗತ್ತಾ ನಂಗೆ?”

“ಶುಗರ್‌ನಿಂದ ಆದದ್ದಾದ್ರೆ ಹೆಚ್ಚಿನವರಿಗೆ ಮೂರು ತಿಂಗಳೊಳಗೆ ತಾನೇ ಸರಿಹೋಗತ್ತೆ. ಶುಗರ್, ಬಿಪಿ ಹಿಡಿತಕ್ಕೆ ಬರ್ಲೇಬೇಕು. ಆದ್ರೆ ‘ಅನ್ಸತ್ತೆ’ ಅಂತ ನಾನು ಸುಮ್ನೆ ಕೂರಲ್ಲ. ಇವತ್ತೇ ಕಣ್ಣಾಸ್ಪತ್ರೆಗೆ ಹೋಗಿ, ಚೀಟಿ ಬರೆದು ಕೊಡ್ತೀನಿ. ಕಣ್ಣಿನ ಒಳಗಿನ ಪದರನೂ ನೋಡ್ತಾರೆ, ರಕ್ತ ಪರೀಕ್ಷೆ ಮಾಡ್ತಾರೆ, ಬೇಕು ಅನ್ಸಿದ್ರೆ ತಲೆ ಸ್ಕ್ಯಾನ್ ಮಾಡಿಸ್ತಾರೆ. ಮೂರು ತಿಂಗಳಾದ್ರೂ ಸುಧಾರಿಸ್ಲಿಲ್ಲ ಅಂದ್ರೆ ಸ್ಕ್ಯಾನ್ ಬಿಡೋ ಹಂಗೇ ಇಲ್ಲ. ನಡುವೆ ಕಣ್ಣು ಇನ್ನೂ ಕೆಟ್ರೆ, ಇನ್ನೊಂದು ಕಣ್ಣಿಗೂ ಬಂದ್ರೆ, ಮಾತು ತೊದಲಿದ್ರೆ, ಕೈಕಾಲು ಸೋತ್ರೆ, ತಲೆನೋವು ಜೋರಾದ್ರೆ, ಶನಿವಾರ ಭಾನುವಾರ ನೋಡ್ಬೇಡಿ, ಓಡಿ.”

“ಅಲ್ಲೀವರೆಗೆ ಎರಡೆರಡು ನೋಡ್ಕೊಂಡೇ ಇರ್ಬೇಕಾ?”

ಡಾಕ್ಟರು ರಂಗನಾಯಕಮ್ಮನ ಕನ್ನಡಕ ಇಸಿದುಕೊಂಡು, ಎಡಗಡೆ ಗಾಜಿನ ಮೇಲೆ ಬಿಳಿ ಟೇಪು ಅಡ್ಡಡ್ಡಲಾಗಿ ಅಂಟಿಸಿ ಕೊಟ್ಟರು. ಮೂರು ಸಲ ಬದಲಾಯಿಸಿದ ಆ ಗಾಜನ್ನು ಶೀನಣ್ಣ ನೋಡಿದ ನೋಟ ಹೇಳತೀರದು. ರಂಗನಾಯಕಮ್ಮ ಹಾಕಿಕೊಂಡು ಸುತ್ತ ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ಎಡಕ್ಕೆ ತಿರುಗಿ ಗೆಳತಿಯನ್ನು ನೋಡಿದರು.

“ಒಬ್ಬಳೇ,” ಎಂದರು. “ಸದ್ಯ.”

“ಓದೋಕೆ ಒಂದು ಕಣ್ಣು ಸಾಕು,” ಡಾಕ್ಟರು ಹೇಳಿದರು. “ಆದ್ರೆ ಒಂದೇ ಕಣ್ಣಲ್ಲಿ ಹತ್ತಿರ ದೂರ ಸರಿಯಾಗಿ ಗೊತ್ತಾಗಲ್ಲ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡೀರಿ, ಒಲೆ ಹತ್ರ ಹುಷಾರು. ಗಾಡಿ ಓಡ್ಸೋರಾಗಿದ್ರೆ ಓಡ್ಸಬೇಡಿ ಅಂತಿದ್ದೆ.”

ಅವತ್ತೇ ಕಣ್ಣಾಸ್ಪತ್ರೆಗೆ ಹೋದೆವು. ಅಲ್ಲಿಯೂ ಶುಗರಿನದೇ ಎಂದರು. ಒಳಪದರದಲ್ಲೂ ಶುಗರಿನ ಗುರುತು ಸ್ವಲ್ಪ ಇದೆ, ವರ್ಷಕ್ಕೊಮ್ಮೆಯಾದರೂ ತೋರಿಸಬೇಕಿತ್ತು ಎಂದು ಅವರೂ ಬೈದರು. ಭಾಗ್ಯ ಡಾಕ್ಟರು ಮಾತ್ರೆ ಬದಲಾಯಿಸಿದರು, ಬಿಪಿಗೂ ಕೊಟ್ಟರು.

ಶನಿವಾರ ಮತ್ತಿಕೆರೆಯ ಅಕ್ಷಯಾ ಬರಲಿಲ್ಲ. ಆಂಡಾಳಮ್ಮನೇ ಫೋನ್ ಮಾಡಿ ಬೇಡ ಎಂದಿದ್ದರು. ಮಂದಿರದಲ್ಲಿ ಎಲ್ಲರೆದುರು ತಮ್ಮ ಮಣೆ ಎತ್ತಿಕೊಂಡು ರಂಗನಾಯಕಮ್ಮನ ಬಲಕ್ಕೆ ಬಂದು ಕೂತರು. “ಎಡಗಡೆ ಫ್ಯಾನ್ ಗಾಳಿ ಜಾಸ್ತಿ,” ಎಂದರು. ಆ ಮಂದಿರದಲ್ಲಿ ಇರುವುದು ಒಂದೇ ಫ್ಯಾನು, ಅದೂ ನಡುವೆ. ಟೇಪು ಹಚ್ಚಿದ ಕನ್ನಡಕದಲ್ಲಿ ರಂಗನಾಯಕಮ್ಮ ನಿಧಾನವಾಗಿ ಓದಿದರು, ಒಂದು ಸಾಲೂ ಬಿಡಲಿಲ್ಲ.

ಅಲ್ಲಿಗೆ ಎಲ್ಲಾ ಸುಗಮವಾಯಿತು ಎಂದುಕೊಳ್ಳಬೇಡಿ. ಮೂರು ವಾರಕ್ಕೇ ಶೀನಣ್ಣ ಕೇಳಿದರು, “ಇನ್ನೂ ಸರಿಹೋಗ್ಲಿಲ್ಲವಲ್ಲ, ಆ ಡಾಕ್ಟರಿಗೆ ಏನಾದ್ರೂ ಗೊತ್ತಿದೆಯಾ?” ಕೃಷ್ಣಾಷ್ಟಮಿಗೆ ಚಕ್ಕುಲಿ, ಕೋಡುಬಳೆ, ಉಂಡೆಗಳ ಡಬ್ಬಗಳು ಬಂದಾಗ ರಂಗನಾಯಕಮ್ಮ “ಒಂದೇ ಒಂದು” ಎಂದರು. ಆಂಡಾಳಮ್ಮ ಎದುರು ಮನೆಯ ಕಿಟಕಿಯಿಂದಲೇ ಕೂಗಿದರು, “ಒಂದೋ, ನಿನ್ನ ಕಣ್ಣಿಗೆ ಕಾಣೋ ಎರಡೋ?” ಜಗಳವಾಡಿದರು, ಮಾತು ಬಿಟ್ಟರು, ಸಂಜೆ ವಾಕಿಂಗಿಗೆ ಒಟ್ಟಿಗೇ ಹೋದರು. ಒಂದು ದಿನ ನಡೆಯುತ್ತಾ ರಂಗನಾಯಕಮ್ಮ ಕನ್ನಡಕ ತೆಗೆದು ನೋಡಿದರು. “ಏನೋ ಕಣೇ, ಇಬ್ಬರೂ ಆಂಡಾಳು ಹತ್ತಿರ ಬರ್ತಿದಾರೆ,” ಎಂದರು. ದಸರಾ ಹೊತ್ತಿಗೆ ಇಬ್ಬರ ಭುಜ ಒಂದಕ್ಕೊಂದು ತಾಗಿತಂತೆ. ದೀಪಾವಳಿಗೆ ಮೊದಲೇ ಟೇಪು ಕಿತ್ತರು. ಭಾಗ್ಯ ಡಾಕ್ಟರು ಬೆರಳು ಎಡಕ್ಕೆ ಒಯ್ದರು, ಎಡಗಣ್ಣು ಮೂಲೆಯವರೆಗೂ ಹೋಯಿತು. ಶುಗರ್ ಇನ್ನೂ ಪೂರ್ತಿ ಇಳಿದಿಲ್ಲ. ಅರ್ಧಕ್ಕೆ ಬಂದಿದೆ. “ಇಲ್ಲಿಗೆ ಮುಗೀತು ಅಂತ ಬಿಟ್ರೆ ಇನ್ನೊಂದು ಕಣ್ಣಿಗೂ ಬರ್ಬೋದು,” ಎಂದು ಡಾಕ್ಟರು ಹೇಳಿದ್ದು ಶೀನಣ್ಣನಿಗೆ ತಾಗಿತು. ಈಗ ಸಿಕ್ಕಸಿಕ್ಕವರಿಗೆಲ್ಲಾ ಅವರೇ ಹೇಳುತ್ತಾರೆ, ಬೆಲ್ಲನೂ ಸಕ್ಕರೆನೇ ಎಂದು. ಮೊದಲಿನಿಂದಲೂ ಅದು ತಮ್ಮದೇ ಸಿದ್ಧಾಂತ ಎಂಬ ಧಾಟಿಯಲ್ಲಿ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲಿ ಒಂದು ಬೇಡಿಕೆ. ಸಕ್ಕರೆ ಕಾಯಿಲೆ ಇರುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಇಲ್ಲದ ಮನೆ ಈಗ ನಮ್ಮ ಊರಿನಲ್ಲಿ ಹುಡುಕಬೇಕು. ಅವರು ಇದ್ದಕ್ಕಿದ್ದಂತೆ ಮುಖ ಒಂದು ಕಡೆ ತಿರುಗಿಸಿಕೊಂಡು ನಡೆದರೆ, ಒಂದು ಕಣ್ಣು ಮುಚ್ಚಿ ಟಿವಿ ನೋಡಿದರೆ, ರೆಪ್ಪೆ ಜೋತುಬಿದ್ದರೆ, ಕಾಫಿ ಲೋಟದ ಆಚೆ ಸುರಿದರೆ, ಮೆಟ್ಟಿಲು ತಪ್ಪಿದರೆ, ವಯಸ್ಸಾಯಿತು ಎನ್ನಬೇಡಿ. ಕನ್ನಡಕ ಎನ್ನಬೇಡಿ. ಉಳಿದ ಮಾತ್ರೆ ಇಸಿದುಕೊಂಡು ಬರಬೇಡಿ. ಅವತ್ತೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಒಂದು ಟಾರ್ಚು, ಒಂದು ಬೆರಳು ಸಾಕು, ಮುಂದೆ ಎಲ್ಲಿಗೆ ಹೋಗಬೇಕೆಂದು ಅವರು ಹೇಳುತ್ತಾರೆ. ಪಾಪೆ ಒಂದು ದೊಡ್ಡದು ಒಂದು ಚಿಕ್ಕದು ಕಂಡರೆ, ತಲೆನೋವು ಸಹಿಸಲಾಗದಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಕಣ್ಣಿನ ಸುತ್ತ ಊದಿ ಜ್ವರ ಬಂದರೆ ನೇರ ದೊಡ್ಡ ಆಸ್ಪತ್ರೆಗೆ, ಆ ಗಳಿಗೆಯೇ.

ಇನ್ನು, ಯಾರಾದರೂ ನಿಮ್ಮ ಕಡೆ ನೋಡುವುದನ್ನು ಬಿಟ್ಟರೆ ಸಿಟ್ಟು ಮಾಡಿಕೊಳ್ಳಿ, ಬೇಡವೆನ್ನುವುದಿಲ್ಲ. ಮಾತು ಬಿಡುವ ಮೊದಲು ಎದುರಿಗೆ ಹೋಗಿ ನಿಂತು ಒಂದು ಬೆರಳು ತೋರಿಸಿ ಕೇಳಿ: “ಎಷ್ಟು ಕಾಣ್ತಿದೆ?”